ಟೈರಿಗೆ ನೈಟ್ರೋಜನ್: ಯಂತ್ರದ ಕೆಲಸ, ಲಾಭ ಮತ್ತು ಮಿತಿ

ಬೆಂಗಳೂರಿನ ಪಶ್ಚಿಮ ಭಾಗದ ವೆಸ್ಟ್ ಆಫ್ ಕಾರ್ಡ್ ರಸ್ತೆ, ಡಾ. ರಾಜಕುಮಾರ್ ರಸ್ತೆ, ಮಾಗಡಿ ರಸ್ತೆ ಹಾಗೂ ಮೈಸೂರು ರಸ್ತೆಗಳಲ್ಲಿ ನಿತ್ಯ ಸಂಚರಿಸುವವರಿಗೆ ಟೈರ್ ಅಂಗಡಿಗಳ ಮುಂದಿನ ‘ನೈಟ್ರೋಜನ್ ಗಾಳಿ ಲಭ್ಯ’ ಎಂಬ ಫಲಕ ಹೊಸದೇನಲ್ಲ. ವೀಲ್ ಅಲೈನ್‌ಮೆಂಟ್‌ಗೆಂದು ಹೋದ ಕಾರಿನ ನಾಲ್ಕೂ ಚಕ್ರಗಳಿಗೆ ಹಸಿರು ಮುಚ್ಚಳ ಬಿದ್ದು, ಬಿಲ್ಲಿನಲ್ಲಿ ಒಂದು ಸಾಲು ಹೆಚ್ಚುವುದೂ ಸಾಮಾನ್ಯ ಸಂಗತಿ. ಗಾಳಿಗೂ ಬೆಲೆ ಕಟ್ಟುವ ಕಾಲ ಬಂತಲ್ಲ ಎಂದು ಗೊಣಗುತ್ತಲೇ ಹಣ ತೆರುವವರು ಅನೇಕರು.

ಆದರೆ ಇಲ್ಲಿನ ಪ್ರಶ್ನೆ ಕೆಲವು ಹತ್ತು ರೂಪಾಯಿಗಳದ್ದಲ್ಲ. ಹಸಿರು ಮುಚ್ಚಳದೊಂದಿಗೆ ಎರಡು ನಂಬಿಕೆಗಳೂ ಬಂದಿವೆ. ಇನ್ನು ತಿಂಗಳುಗಟ್ಟಲೆ ಟೈರಿನ ಒತ್ತಡ ನೋಡಬೇಕಾಗಿಲ್ಲ ಎಂಬುದು ಮೊದಲನೆಯದು. ನೈಟ್ರೋಜನ್ ತುಂಬಿಸಿದ ಟೈರಿಗೆ ಸಾಮಾನ್ಯ ಗಾಳಿ ಸೇರಿಸಲೇಬಾರದು ಎಂಬುದು ಎರಡನೆಯದು. ಎರಡೂ ತಪ್ಪು. ಎರಡನ್ನೂ ನಂಬಿದವರು ಒತ್ತಡ ಕುಗ್ಗಿದ ಟೈರಿನಲ್ಲಿಯೇ, ಪೆಟ್ರೋಲ್ ಬಂಕಿನ ಉಚಿತ ಗಾಳಿಯನ್ನು ದಾಟಿಕೊಂಡು, ಕೆಂಗೇರಿಯಾಚೆಗಿನ ಹೆದ್ದಾರಿಯನ್ನು ಹಿಡಿಯುತ್ತಾರೆ. ಆದ್ದರಿಂದ ಈ ಯಂತ್ರ ಏನು ಮಾಡುತ್ತದೆ, ಏನು ಮಾಡುವುದಿಲ್ಲ ಎಂಬುದನ್ನು ಅರಿತಿರುವುದು ಒಳ್ಳೆಯದು.

ಗಾಳಿಯಲ್ಲೇ ಇರುವ ಅನಿಲ

ನೈಟ್ರೋಜನ್ ಅಥವಾ ಸಾರಜನಕ ಹೊರಗಿನಿಂದ ತಂದ ಅಪರೂಪದ ವಸ್ತುವಲ್ಲ. ನಾವು ಉಸಿರಾಡುವ ಗಾಳಿಯಲ್ಲಿ ಶೇ. 78ರಷ್ಟು ಸಾರಜನಕವೇ ಇದೆ. ಶೇ. 21ರಷ್ಟು ಆಮ್ಲಜನಕ, ಉಳಿದ ಸುಮಾರು ಶೇ. 1ರಷ್ಟು ಆರ್ಗಾನ್ ಮತ್ತಿತರ ಅನಿಲಗಳು. ಇವುಗಳ ಜೊತೆಗೆ ಹವೆಗೆ ತಕ್ಕಂತೆ ಏರಿಳಿಯುವ ನೀರಾವಿ ಇರುತ್ತದೆ. ಅಂದರೆ ರಸ್ತೆ ಬದಿಯ ಪಂಕ್ಚರ್ ಅಂಗಡಿಯಲ್ಲಿ ಗಾಳಿ ಹಾಕಿಸಿದ ಟೈರಿನಲ್ಲಿಯೂ ಮುಕ್ಕಾಲು ಪಾಲಿಗಿಂತ ಹೆಚ್ಚು ಸಾರಜನಕವೇ ತುಂಬಿರುತ್ತದೆ. ಅಂಗಡಿಯ ಯಂತ್ರ ಆ ಪ್ರಮಾಣವನ್ನು ಶೇ. 95 ಅಥವಾ ಅದಕ್ಕಿಂತ ಮೇಲಕ್ಕೆ ಏರಿಸುತ್ತದೆ ಮತ್ತು ತೇವವನ್ನು ತೆಗೆಯುತ್ತದೆ. ಅದರ ಕೆಲಸ ಇಷ್ಟೇ.

ಇದರಿಂದ ಆಗುವ ಉಪಯೋಗ ಮೂರು ಬಗೆಯದು. ಮೊದಲನೆಯದಾಗಿ, ರಬ್ಬರಿನ ಮೂಲಕ ಆಮ್ಲಜನಕ ಹೊರಸೂಸುವಷ್ಟು ಬೇಗ ಸಾರಜನಕ ಹೊರಸೂಸುವುದಿಲ್ಲ. ಹೀಗಾಗಿ ಒತ್ತಡ ಸ್ವಲ್ಪ ನಿಧಾನವಾಗಿ ಇಳಿಯುತ್ತದೆ. ಎರಡನೆಯದಾಗಿ, ಒಳಗಿನಿಂದ ರಬ್ಬರನ್ನು ಮುಪ್ಪಾಗಿಸುವ ಮತ್ತು ಉಕ್ಕಿನ ರಿಮ್ಮಿಗೆ ತುಕ್ಕು ಹಿಡಿಸುವ ಆಮ್ಲಜನಕ ಹಾಗೂ ತೇವ ಕಡಿಮೆಯಾಗುತ್ತವೆ. ಮೂರನೆಯದಾಗಿ, ಅತಿಯಾಗಿ ಕಾದ ಟೈರಿನೊಳಗೆ ಬೆಂಕಿ ಹೊತ್ತಿಕೊಳ್ಳಲು ಬೇಕಾದ ಆಮ್ಲಜನಕ ಸಿಗುವುದಿಲ್ಲ. ಈ ಮೂರನೆಯ ಕಾರಣವೇ ಸಾರಜನಕಕ್ಕೆ ಟೈರಿನ ಲೋಕದಲ್ಲಿ ಗಂಭೀರ ಸ್ಥಾನ ತಂದುಕೊಟ್ಟಿತು.

ವಿಮಾನದಿಂದ ಬಂದ ಪಾಠ

1986ರ ಮಾರ್ಚ್ 31ರಂದು ಮೆಕ್ಸಿಕೋ ನಗರದಿಂದ ಹೊರಟ ಮೆಕ್ಸಿಕಾನಾ ಸಂಸ್ಥೆಯ ಬೋಯಿಂಗ್ 727 ವಿಮಾನ ಪತನಗೊಂಡು ಅದರಲ್ಲಿದ್ದ ಎಲ್ಲ 167 ಮಂದಿ ಮೃತಪಟ್ಟರು. ಬಿಡದೆ ಹಿಡಿದುಕೊಂಡಿದ್ದ ಬ್ರೇಕಿನ ಶಾಖದಿಂದ ಚಕ್ರ ವಿಪರೀತ ಕಾದಿತ್ತು. ಸಾರಜನಕ ಇರಬೇಕಾಗಿದ್ದ ಟೈರಿನಲ್ಲಿ ಸಾಮಾನ್ಯ ಗಾಳಿ ತುಂಬಲಾಗಿತ್ತು. ಹಾರಾಟದ ನಡುವೆ ಟೈರ್ ಸ್ಫೋಟಿಸಿ ಇಂಧನ ಹಾಗೂ ಹೈಡ್ರಾಲಿಕ್ ಕೊಳವೆಗಳನ್ನು ಹರಿಯಿತು. ಮರುವರ್ಷ, 1987ರಲ್ಲಿ, ಅಮೆರಿಕದ ವಿಮಾನಯಾನ ಆಡಳಿತವು ದೊಡ್ಡ ವಿಮಾನಗಳ ಬ್ರೇಕ್ ಇರುವ ಚಕ್ರಗಳಲ್ಲಿ ಆಮ್ಲಜನಕದ ಪ್ರಮಾಣ ಶೇ. 5ನ್ನು ಮೀರಬಾರದೆಂದು ಆದೇಶಿಸಿತು.

ರಬ್ಬರ್ ಅತಿ ಶಾಖಕ್ಕೆ ಸಿಲುಕಿದಾಗ ಅದರಿಂದ ಹೊತ್ತಿಕೊಳ್ಳಬಲ್ಲ ಆವಿ ಹೊರಡುತ್ತದೆ. ಅದಕ್ಕೆ ಟೈರಿನೊಳಗಿನ ಆಮ್ಲಜನಕ ಸೇರಿದರೆ ಸ್ಫೋಟಕ್ಕೆ ದಾರಿಯಾಗುತ್ತದೆ. ಗಣಿಗಳ ದೈತ್ಯ ವಾಹನಗಳಿಗೂ, ಘಾಟಿಯಲ್ಲಿ ಬ್ರೇಕ್ ಹಿಡಿದೇ ಇಳಿಯುವ ಭಾರಿ ವಾಹನಗಳಿಗೂ ಈ ವಿವರಣೆ ಅನ್ವಯಿಸುತ್ತದೆ. ಬಸವೇಶ್ವರನಗರದಿಂದ ಮೆಜೆಸ್ಟಿಕ್‌ಗೆ ಹೋಗಿಬರುವ ಸಣ್ಣ ಕಾರಿನ ಟೈರ್ ಅಷ್ಟು ಕಾಯುವ ಸಂದರ್ಭ ಬಹಳ ವಿರಳ. ವಿಮಾನದ ಉದಾಹರಣೆ ನೀಡಿ ಕಾರಿನ ಮಾಲೀಕನಿಗೆ ಸೇವೆ ಮಾರುವಾಗ ಈ ವ್ಯತ್ಯಾಸವನ್ನು ಮರೆಯಬಾರದು.

ಯಂತ್ರದ ಒಳಗೆ

ಟೈರ್ ಅಂಗಡಿಯ ಸಾರಜನಕ ಯಂತ್ರ ಅನಿಲವನ್ನು ತಯಾರಿಸುವುದಿಲ್ಲ, ಗಾಳಿಯಿಂದ ಬೇರ್ಪಡಿಸುತ್ತದೆ. ಇದಕ್ಕೆ ಎರಡು ವಿಧಾನಗಳಿವೆ.

ಮೊದಲನೆಯದು ಪೊರೆಯ ವಿಧಾನ. ಕೂದಲೆಳೆಯಂತಹ ಸಾವಿರಾರು ಟೊಳ್ಳು ಎಳೆಗಳ ಕಟ್ಟಿನೊಳಗೆ ಒತ್ತಡದ ಗಾಳಿಯನ್ನು ಹಾಯಿಸಿದಾಗ ಆಮ್ಲಜನಕ ಮತ್ತು ನೀರಾವಿ ಎಳೆಗಳ ಗೋಡೆಯಿಂದ ಬೇಗ ಹೊರಬೀಳುತ್ತವೆ. ಸಾರಜನಕ ಕೊನೆಯವರೆಗೆ ಉಳಿದು ಟ್ಯಾಂಕನ್ನು ಸೇರುತ್ತದೆ. ಗಾಳಿಯನ್ನು ನಿಧಾನವಾಗಿ ಹಾಯಿಸಿದಷ್ಟೂ ಶುದ್ಧತೆ ಹೆಚ್ಚು, ಅವಸರಿಸಿದರೆ ಕಡಿಮೆ.

ಎರಡನೆಯದು ಪಿಎಸ್‌ಎ ವಿಧಾನ. ಎರಡು ಉಕ್ಕಿನ ಕೊಳವೆಗಳಲ್ಲಿ ‘ಆಣ್ವಿಕ ಜರಡಿ’ ಎನ್ನಲಾಗುವ ಇಂಗಾಲದ ಕಾಳುಗಳನ್ನು ತುಂಬಿರುತ್ತಾರೆ. ಒತ್ತಡ ಹೇರಿದಾಗ ಈ ಕಾಳುಗಳ ಅತಿಸೂಕ್ಷ್ಮ ರಂಧ್ರಗಳು ಆಮ್ಲಜನಕವನ್ನು ಹಿಡಿದುಕೊಂಡು ಸಾರಜನಕವನ್ನು ಮುಂದಕ್ಕೆ ಬಿಡುತ್ತವೆ. ಒತ್ತಡ ಇಳಿಸಿದಾಗ ಹಿಡಿದಿದ್ದ ಆಮ್ಲಜನಕವನ್ನು ಹೊರಹಾಕುತ್ತವೆ. ಒಂದು ಕೊಳವೆ ದುಡಿಯುವಾಗ ಇನ್ನೊಂದು ಶುದ್ಧಿಯಾಗುತ್ತದೆ. ಯಂತ್ರದಿಂದ ಆಗಾಗ ಕೇಳಿಬರುವ ‘ಬುಸ್’ ಎಂಬ ಸದ್ದು ಈ ಪಾಳಿ ಬದಲಾವಣೆಯದು.

ಪಿಎಸ್‌ಎ ಎಂಬ ಹೆಸರನ್ನು ರಾಜ್ಯದ ಜನ 2021ರ ಕೋವಿಡ್ ಎರಡನೇ ಅಲೆಯಲ್ಲಿ ಬೇರೆ ಕಾರಣಕ್ಕೆ ಕೇಳಿದ್ದಾರೆ. ಆಸ್ಪತ್ರೆಗಳಲ್ಲಿ ಸ್ಥಾಪಿಸಿದ ಆಮ್ಲಜನಕ ಘಟಕಗಳ ತತ್ವವೂ ಇದೇ. ಅಲ್ಲಿ ಇಂಗಾಲದ ಬದಲು ಜಿಯೋಲೈಟ್ ಎಂಬ ಖನಿಜ ಸಾರಜನಕವನ್ನು ಹಿಡಿದಿಟ್ಟು ಆಮ್ಲಜನಕವನ್ನು ಬಿಡುತ್ತದೆ. ತೇಜಸ್ ಯುದ್ಧವಿಮಾನದ ಪೈಲಟ್‌ಗಳಿಗೆ ಆಮ್ಲಜನಕ ಒದಗಿಸಲು ಡಿಆರ್‌ಡಿಒ ರೂಪಿಸಿದ್ದ ತಂತ್ರಜ್ಞಾನದ ಆಧಾರದ ಮೇಲೆ ಬೆಂಗಳೂರಿನ ಡೆಬೆಲ್ ಪ್ರಯೋಗಾಲಯ ನಿಮಿಷಕ್ಕೆ 1,000 ಲೀಟರ್ ಸಾಮರ್ಥ್ಯದ ವೈದ್ಯಕೀಯ ಘಟಕವನ್ನು ಆಗ ಸಿದ್ಧಪಡಿಸಿತು. ಕೈಗಾರಿಕೆಗಳ ಸಾರಜನಕ ಯಂತ್ರದಲ್ಲಿ ಇಂಗಾಲದ ಜಾಗಕ್ಕೆ ಜಿಯೋಲೈಟ್ ತುಂಬಿ ಆಮ್ಲಜನಕ ಪಡೆಯಬಹುದೆಂದು ಬಾಂಬೆ ಐಐಟಿ ಅದೇ ವರ್ಷ ತೋರಿಸಿಕೊಟ್ಟಿತು. ಟೈರ್ ಅಂಗಡಿಯ ಮೂಲೆಯಲ್ಲಿ ನಿಂತಿರುವ ಪೆಟ್ಟಿಗೆ ಇದೇ ಮನೆತನದ್ದು.

ಯಾವ ವಿಧಾನವಾದರೂ ಯಂತ್ರದ ಆಯುಷ್ಯ ನಿಂತಿರುವುದು ಅದಕ್ಕೆ ಗಾಳಿ ಒದಗಿಸುವ ಕಂಪ್ರೆಸರಿನ ಮೇಲೆ. ಕಂಪ್ರೆಸರಿನಿಂದ ಬರುವ ಗಾಳಿಯಲ್ಲಿ ನೀರು, ಧೂಳು ಮತ್ತು ಎಣ್ಣೆಯ ಸೂಕ್ಷ್ಮ ಹನಿಗಳಿರುತ್ತವೆ. ಪೊರೆಗೂ ಇಂಗಾಲದ ಕಾಳಿಗೂ ಎಣ್ಣೆ ಶತ್ರು. ಫಿಲ್ಟರುಗಳನ್ನು ಕಾಲಕಾಲಕ್ಕೆ ಬದಲಿಸದಿದ್ದರೆ, ಟ್ಯಾಂಕಿನ ತಳದ ನೀರನ್ನು ಪ್ರತಿದಿನ ಬಸಿಯದಿದ್ದರೆ ಯಂತ್ರ ಸದ್ದು ಮಾಡುತ್ತಲೇ ಇರುತ್ತದೆ, ಆದರೆ ಹೊರಬರುವುದು ಬಹುತೇಕ ಸಾಮಾನ್ಯ ಗಾಳಿಯೇ ಆಗಿರುತ್ತದೆ. ಇದನ್ನು ಕಣ್ಣಿನಿಂದ ಕಂಡುಹಿಡಿಯಲಾಗದು. ಆಮ್ಲಜನಕದ ಪ್ರಮಾಣ ತೋರಿಸುವ ಮಾಪಕವೊಂದೇ ಇದಕ್ಕೆ ಸಾಕ್ಷಿ.

ಒಮ್ಮೆ ತುಂಬಿದರೆ ಸಾಲದು

ಗ್ರಾಹಕರು ಗಮನಿಸದ ಇನ್ನೊಂದು ಅಂಶವಿದೆ. ವಾಲ್ವ್ ಬಿಚ್ಚಿ ಟೈರನ್ನು ‘ಖಾಲಿ’ ಮಾಡಿದಾಗ ಅದು ನಿಜವಾಗಿ ಖಾಲಿಯಾಗುವುದಿಲ್ಲ. ಹೊರಗಿನ ವಾತಾವರಣದಷ್ಟೇ ಒತ್ತಡದ ಗಾಳಿ ಒಳಗೆ ಉಳಿದಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಇದು ಸುಮಾರು 13 ಪಿಎಸ್‌ಐ. ಅದರ ಮೇಲೆ ಶೇ. 95 ಶುದ್ಧತೆಯ ಸಾರಜನಕವನ್ನು 33 ಪಿಎಸ್‌ಐವರೆಗೆ, ಅಂಗಡಿಯ ಮಾತಿನಲ್ಲಿ 33 ಪಾಯಿಂಟ್‌ವರೆಗೆ, ತುಂಬಿದರೆ ಟೈರಿನಲ್ಲಿ ದೊರೆಯುವ ಶುದ್ಧತೆ ಶೇ. 90ರಷ್ಟು ಮಾತ್ರ. ಮತ್ತೊಮ್ಮೆ ಬಿಟ್ಟು ತುಂಬಿದರೆ ಶೇ. 93ನ್ನು ದಾಟುತ್ತದೆ. ಮೂರನೆಯ ಸಲಕ್ಕೆ ಹೆಚ್ಚುವುದು ಕೇವಲ ಒಂದು ಅಂಶ.

ಹೀಗಾಗಿ ಕಾರಿನ ಟೈರಿಗೆ ಎರಡು ಸಲ ಬಿಟ್ಟು ತುಂಬುವುದೇ ಸರಿಯಾದ ಕ್ರಮ. ನಾಲ್ಕು ಕೊಳವೆಗಳನ್ನು ಒಟ್ಟಿಗೆ ಜೋಡಿಸಿ, ತಾನೇ ಬಿಟ್ಟು ತಾನೇ ತುಂಬುವ ಯಂತ್ರಗಳಿವೆ. ವಾಹನ ಬಂದ ಎರಡೇ ನಿಮಿಷದಲ್ಲಿ, ಹಳೆಯ ಗಾಳಿಯನ್ನು ಬಿಡದೆ, ಮೇಲಿನ ನಾಲ್ಕೈದು ಪಾಯಿಂಟ್ ಮಾತ್ರ ಸೇರಿಸಿ ಹಸಿರು ಮುಚ್ಚಳ ಹಾಕಿದರೆ ಗ್ರಾಹಕ ಹಣ ಕೊಟ್ಟಿದ್ದು ಮುಚ್ಚಳಕ್ಕೆ ಮಾತ್ರ ಎಂದು ತಿಳಿಯಬಹುದು.

ಇದೇ ಲೆಕ್ಕದ ಇನ್ನೊಂದು ಮುಖ ಮುಖ್ಯವಾದದ್ದು. ಶೇ. 95 ಸಾರಜನಕವಿರುವ ಟೈರಿನ ಒತ್ತಡ 30ಕ್ಕೆ ಇಳಿದಿದೆ ಎಂದಿಟ್ಟುಕೊಳ್ಳೋಣ. ಬಂಕಿನ ಸಾಮಾನ್ಯ ಗಾಳಿಯಿಂದ ಅದನ್ನು ಮತ್ತೆ 33ಕ್ಕೆ ತಂದರೆ ಒಳಗಿನ ಶುದ್ಧತೆ ಇಳಿಯುವುದು ಶೇ. 94ರ ಆಸುಪಾಸಿಗೆ. ಅಂದರೆ ನಷ್ಟ ಲೆಕ್ಕಕ್ಕೆ ಬಾರದಷ್ಟು. ಸಾಮಾನ್ಯ ಗಾಳಿ ಸೇರಿದರೆ ಟೈರ್ ಹಾಳಾಗುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಒತ್ತಡ ಕಡಿಮೆಯಾದ ಟೈರಿಗೆ ಹತ್ತಿರದಲ್ಲಿ ಸಿಗುವ ಗಾಳಿಯೇ ಒಳ್ಳೆಯ ಗಾಳಿ.

ಲಾಭ ಎಷ್ಟು?

ಅಮೆರಿಕದ ಗ್ರಾಹಕ ಪತ್ರಿಕೆ ‘ಕನ್ಸ್ಯೂಮರ್ ರಿಪೋರ್ಟ್ಸ್’ 2006ರ ಸೆಪ್ಟೆಂಬರಿನಿಂದ ಒಂದು ವರ್ಷ 31 ಮಾದರಿಯ ಟೈರುಗಳನ್ನು ಪರೀಕ್ಷಿಸಿತ್ತು. 30 ಪಿಎಸ್‌ಐ ಒತ್ತಡದಲ್ಲಿ ತುಂಬಿ ಬಯಲಿನಲ್ಲಿಟ್ಟ ಟೈರುಗಳಲ್ಲಿ ವರ್ಷದ ಕೊನೆಗೆ ಸಾಮಾನ್ಯ ಗಾಳಿಯದು ಸರಾಸರಿ 3.5 ಪಿಎಸ್‌ಐ, ಸಾರಜನಕದ್ದು ಸರಾಸರಿ 2.2 ಪಿಎಸ್‌ಐ ಇಳಿದಿತ್ತು. ವ್ಯತ್ಯಾಸ ನಿಜ, ಆದರೆ ಅದು ವರ್ಷಕ್ಕೆ 1.3 ಪಿಎಸ್‌ಐ. ಸಾರಜನಕ ತುಂಬಿದ ಟೈರಿನ ಒತ್ತಡವೂ ಇಳಿಯುತ್ತದೆ ಎಂಬುದು ಈ ಪರೀಕ್ಷೆಯ ಅಷ್ಟೇ ಮಹತ್ವದ ಇನ್ನೊಂದು ಪಾಠ.

ಇಂಧನದ ಲೆಕ್ಕಕ್ಕೆ ಬರೋಣ. ನಾಲ್ಕೂ ಟೈರುಗಳ ಸರಾಸರಿ ಒತ್ತಡ 1 ಪಿಎಸ್‌ಐ ಇಳಿದರೆ ಮೈಲೇಜ್ ಸುಮಾರು ಶೇ. 0.2ರಷ್ಟು ಕುಗ್ಗುತ್ತದೆ ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ವರ್ಷಕ್ಕೆ 10,000 ಕಿಲೋಮೀಟರ್ ಓಡುವ, ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರಿಗೆ 1.3 ಪಿಎಸ್‌ಐ ವ್ಯತ್ಯಾಸದಿಂದ ಉಳಿಯುವ ಪೆಟ್ರೋಲ್ ಎರಡು ಲೀಟರಿಗಿಂತ ಕಡಿಮೆ. ತಿಂಗಳಿಗೆರಡು ಸಲ ಒತ್ತಡ ನೋಡಿಕೊಳ್ಳುವವರಿಗೆ ಈ ಉಳಿತಾಯ ಪುಕ್ಕಟೆ ಗಾಳಿಯಲ್ಲೂ ದೊರೆಯುತ್ತದೆ.

ತೇವ ಇಲ್ಲದಿರುವ ಲಾಭ ಇದಕ್ಕಿಂತ ಗಟ್ಟಿಯಾದದ್ದು. ನೀರು ಬಸಿಯದ ಕಂಪ್ರೆಸರಿನಿಂದ ಮಳೆಗಾಲದಲ್ಲಿ ಗಾಳಿ ಹಾಕಿಸಿದರೆ ಟೈರಿನೊಳಗೆ ನೀರೂ ಸೇರುತ್ತದೆ. ಅದು ಕಾದಾಗ ಆವಿಯಾಗಿ ಒತ್ತಡವನ್ನು ಏರುಪೇರು ಮಾಡುತ್ತದೆ, ರಿಮ್ಮಿಗೆ ತುಕ್ಕು ಹಿಡಿಸುತ್ತದೆ. ಆದರೆ ಸಾಮಾನ್ಯ ಕಂಪ್ರೆಸರಿಗೆ ಒಳ್ಳೆಯ ಡ್ರೈಯರ್ ಅಳವಡಿಸಿದ ಅಂಗಡಿಯೂ ಈ ಲಾಭವನ್ನು ಕೊಡಬಲ್ಲದು.

ತಪ್ಪು ಕಲ್ಪನೆಗಳು

ಸಾರಜನಕ ಶಾಖಕ್ಕೆ ಹಿಗ್ಗುವುದಿಲ್ಲ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಒಣಗಿದ ಗಾಳಿಯೂ ಸಾರಜನಕವೂ ಶಾಖಕ್ಕೆ ಒಂದೇ ರೀತಿ ಹಿಗ್ಗುತ್ತವೆ. 33 ಪಿಎಸ್‌ಐ ಇರುವ ಟೈರ್ 10 ಡಿಗ್ರಿ ಸೆಲ್ಸಿಯಸ್ ಕಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ, 30 ಡಿಗ್ರಿ ಕಾದರೆ ನಾಲ್ಕೂವರೆಯಷ್ಟು. ಒಳಗೆ ಯಾವ ಅನಿಲವಿದ್ದರೂ ಇದು ತಪ್ಪದು. ಆದ್ದರಿಂದ ಒತ್ತಡವನ್ನು ಬೆಳಿಗ್ಗೆ, ವಾಹನ ಓಡುವ ಮುನ್ನ ನೋಡಬೇಕು. ದೂರ ಓಡಿ ಬಂದ ಬಿಸಿ ಟೈರಿನಿಂದ ‘ಗಾಳಿ ಹೆಚ್ಚಾಗಿದೆ’ ಎಂದು ಬಿಡಿಸಬಾರದು.

ಸಾರಜನಕ ಹಗುರ, ವಾಹನ ಲಘುವಾಗಿ ಓಡುತ್ತದೆ ಎಂಬುದು ಮತ್ತೊಂದು ಕಲ್ಪನೆ. ಗಾಳಿಗೂ ಸಾರಜನಕಕ್ಕೂ ಇರುವ ತೂಕದ ವ್ಯತ್ಯಾಸ ಶೇ. 3ರಷ್ಟು. ಒಂದು ಟೈರಿನಲ್ಲಿ ಅದು ಕೆಲವು ಗ್ರಾಂ ಮಾತ್ರ. ಮೊಳೆ ಚುಚ್ಚಿದ ತೂತಿನಿಂದಾಗಲಿ, ಹಳೆಯ ವಾಲ್ವಿನಿಂದಾಗಲಿ ಎರಡೂ ಸಮಾನವಾಗಿ ಸೋರುತ್ತವೆ. ಸವೆದ ಟೈರಿಗೆ ಸಾರಜನಕ ಮದ್ದಲ್ಲ.

ಎತ್ತರದ ಪರಿಣಾಮವನ್ನೂ ಇಲ್ಲಿ ನೆನೆಯಬಹುದು. ಬೆಂಗಳೂರಿನಲ್ಲಿ 33 ತೋರಿದ ಟೈರ್ ಮಂಗಳೂರಿನ ಸಮುದ್ರಮಟ್ಟದಲ್ಲಿ, ತಾಪಮಾನ ಒಂದೇ ಆಗಿದ್ದರೆ, ಸುಮಾರು ಒಂದೂವರೆ ಪಿಎಸ್‌ಐ ಕಡಿಮೆ ತೋರುತ್ತದೆ. ಅದು ಸೋರಿಕೆಯಲ್ಲ, ಹೊರಗಿನ ಗಾಳಿಯ ಒತ್ತಡ ಅಲ್ಲಿ ಹೆಚ್ಚಿರುವುದರ ಫಲ.

ಬಸ್ಸು, ಲಾರಿ ಮತ್ತು ವಾಹನ ಸಮೂಹಗಳು

ಪೀಣ್ಯ, ರಾಜಾಜಿನಗರ ಹಾಗೂ ಕಾಮಾಕ್ಷಿಪಾಳ್ಯದ ಕೈಗಾರಿಕಾ ಪ್ರದೇಶಗಳ ಸರಕು ವಾಹನಗಳು, ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಿಂದ ಹೊರಡುವ ಬಸ್ಸುಗಳು, ಬಿಡದಿಯ ಕಾರ್ಖಾನೆಗಳಿಗೆ ನೌಕರರನ್ನು ಒಯ್ಯುವ ಗಾಡಿಗಳು ಓಡುವ ಈ ಭಾಗದಲ್ಲಿ ಸಾರಜನಕದ ನಿಜವಾದ ಚರ್ಚೆ ನಡೆಯಬೇಕಾದದ್ದು ಭಾರಿ ವಾಹನಗಳ ವಿಷಯದಲ್ಲಿ. ಬ್ರೇಕಿನ ಶಾಖ, ಭಾರ, ನಿರಂತರ ಓಟ, ಮರಳಿ ರೀಟ್ರೆಡ್ ಮಾಡಿಸಬೇಕಾದ ದುಬಾರಿ ಟೈರ್ ಇವೆಲ್ಲ ಇಲ್ಲಿ ಒಟ್ಟಿಗೆ ಇರುತ್ತವೆ. ಒಳಗಿನ ರಬ್ಬರ್ ನಿಧಾನವಾಗಿ ಮುಪ್ಪಾದರೆ ಟೈರಿನ ಒಡಲು ಮತ್ತೊಂದು ರೀಟ್ರೆಡ್ಡಿಗೆ ಯೋಗ್ಯವಾಗಿ ಉಳಿಯುವ ಸಂಭವ ಹೆಚ್ಚು.

ಭಾರಿ ವಾಹನಕ್ಕೆ ಇನ್ನೊಂದು ಅನುಕೂಲವಿದೆ. 110 ಪಿಎಸ್‌ಐ ಒತ್ತಡದ ಟೈರಿನಲ್ಲಿ ಮೊದಲೇ ಉಳಿದಿರುವ ಗಾಳಿಯ ಪಾಲು ಅಲ್ಪವಾದ್ದರಿಂದ ಒಂದೇ ಸಲ ತುಂಬಿದರೂ ಶುದ್ಧತೆ ಶೇ. 93ಕ್ಕೆ ಮುಟ್ಟುತ್ತದೆ.

ಆದರೆ ಯಂತ್ರ ಕೊಳ್ಳುವ ಮುನ್ನ ಸಾಮರ್ಥ್ಯವನ್ನು ಲೆಕ್ಕ ಹಾಕಬೇಕು. ಸಣ್ಣ ಕಾರಿನ ಒಂದು ಟೈರಿಗೆ ಬೇಕಾಗುವ ಅನಿಲ ಅಂದಾಜು 60ರಿಂದ 70 ಲೀಟರ್. ನಿಮಿಷಕ್ಕೆ 50 ಲೀಟರ್ ಕೊಡುವ ಯಂತ್ರ ನಾಲ್ಕು ಟೈರುಗಳನ್ನು ಎರಡು ಸಲ ತುಂಬಲು ಹತ್ತು ನಿಮಿಷದಷ್ಟು ಅನಿಲ ತಯಾರಿಸಬೇಕು. ಬಸ್ಸಿನ ಒಂದು ಟೈರಿಗೆ ಸುಮಾರು 1,000 ಲೀಟರ್ ಬೇಕು. ಆರು ಚಕ್ರಗಳಿಗೆ ಅದೇ ಯಂತ್ರ ಎರಡು ಗಂಟೆ ದುಡಿಯಬೇಕಾಗುತ್ತದೆ. ದೊಡ್ಡ ಸಂಗ್ರಹ ಟ್ಯಾಂಕ್ ಮತ್ತು ಒತ್ತಡ ಏರಿಸುವ ಬೂಸ್ಟರ್ ಇಲ್ಲದೆ ಕಾರಿನ ಯಂತ್ರವನ್ನು ಡಿಪೋದಲ್ಲಿ ನಿಲ್ಲಿಸಿದರೆ ಎರಡನೆಯ ವಾರದಿಂದಲೇ ಸಿಬ್ಬಂದಿ ಹಳೆಯ ಕಂಪ್ರೆಸರಿಗೆ ಮರಳುತ್ತಾರೆ.

ಹಿಂದಿನ ಜೋಡಿ ಚಕ್ರಗಳಲ್ಲಿ ಒಳಗಿನ ಟೈರನ್ನು ಪರೀಕ್ಷಿಸದೆ ಬಿಡುವ ಅಭ್ಯಾಸವಿರುವ ಡಿಪೋಗೆ ಯಾವ ಅನಿಲವೂ ಉಪಯೋಗವಿಲ್ಲ. ನಂಬಿಕೆಗೆ ಅರ್ಹವಾದ ಗೇಜ್, ಪ್ರತಿ ವಾಹನಕ್ಕೊಂದು ಒತ್ತಡದ ಪುಸ್ತಕ, ಬೆಳಗಿನ ಪಾಳಿಯಲ್ಲಿ ಅದನ್ನು ಬರೆಯುವ ಒಬ್ಬ ಹೊಣೆಗಾರ, ಇಷ್ಟು ಮೊದಲು ಸಿದ್ಧವಾಗಬೇಕು. ಯಂತ್ರದ ಸರದಿ ಆ ನಂತರ.

ಸುರಕ್ಷತೆಯ ಮಾತು

ಯಂತ್ರದ ಬದಲು ಸಿಲಿಂಡರಿನಿಂದ ಸಾರಜನಕ ತುಂಬುವವರೂ ಇದ್ದಾರೆ. ಸಿಲಿಂಡರಿನ ಒತ್ತಡ ಸುಮಾರು 150 ಬಾರ್, ಅಂದರೆ 2,000 ಪಿಎಸ್‌ಐ ಮೀರಿದ್ದು. ರೆಗ್ಯುಲೇಟರ್ ಇಲ್ಲದೆ ಅದನ್ನು ಟೈರಿಗೆ ಜೋಡಿಸುವುದು ಪ್ರಾಣದೊಂದಿಗೆ ಆಟವಾಡಿದಂತೆ. ವೆಲ್ಡಿಂಗಿಗೆ ಇಟ್ಟ ಆಮ್ಲಜನಕದ ಸಿಲಿಂಡರನ್ನು ಯಾವ ಕಾರಣಕ್ಕೂ ಟೈರಿಗೆ ಬಳಸಬಾರದು.

ಪಿಎಸ್‌ಎ ಯಂತ್ರ ಹೊರಬಿಡುವ ಗಾಳಿಯಲ್ಲಿ ಆಮ್ಲಜನಕ ಹೆಚ್ಚಿರುವುದರಿಂದ ಆ ಕೊಳವೆ ವೆಲ್ಡಿಂಗ್ ಜಾಗದ ಬಳಿ ಇರಬಾರದು. ಸಾರಜನಕಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಸಣ್ಣ ಕೋಣೆಯಲ್ಲಿ ಅದು ಸೋರಿ ತುಂಬಿಕೊಂಡರೆ ಉಸಿರಾಟಕ್ಕೆ ಬೇಕಾದ ಆಮ್ಲಜನಕ ಕುಗ್ಗಿ, ಎಚ್ಚರಿಕೆಯ ಲಕ್ಷಣವಿಲ್ಲದೆಯೇ ಪ್ರಜ್ಞೆ ತಪ್ಪಬಹುದು. ಯಂತ್ರವನ್ನು ಗಾಳಿಯಾಡುವ ಸ್ಥಳದಲ್ಲಿಯೇ ಇಡಬೇಕು. ಲಾಕ್ ರಿಂಗ್ ಇರುವ ಲಾರಿ ಚಕ್ರಗಳನ್ನು ಕಬ್ಬಿಣದ ಪಂಜರದೊಳಗಿಟ್ಟೇ ತುಂಬಬೇಕು. ರಿಂಗ್ ಸಿಡಿಯುವಾಗ ಒಳಗಿರುವ ಅನಿಲ ಯಾವುದೆಂದು ನೋಡುವುದಿಲ್ಲ.

ಗ್ರಾಹಕರು ಕೇಳಬೇಕಾದ್ದು

1. ಯಂತ್ರದಿಂದ ಬರುತ್ತಿರುವ ಸಾರಜನಕದ ಶುದ್ಧತೆ ಈಗ ಎಷ್ಟು? ಮಾಪಕವನ್ನು ತೋರಿಸಲು ಸಾಧ್ಯವೇ?

2. ಹಳೆಯ ಗಾಳಿಯನ್ನು ಎಷ್ಟು ಸಲ ಬಿಟ್ಟು ತುಂಬುತ್ತೀರಿ?

3. ತುಂಬುವ ಒತ್ತಡ ಎಷ್ಟು? ಇದಕ್ಕೆ ಉತ್ತರ ಅಂಗಡಿಯವರ ಅಂದಾಜಲ್ಲ, ಚಾಲಕನ ಬಾಗಿಲ ಚೌಕಟ್ಟಿನಲ್ಲೋ ಕೈಪಿಡಿಯಲ್ಲೋ ಮುದ್ರಿತವಾಗಿರುವ ಸಂಖ್ಯೆ.

4. ಸ್ಟೆಪ್ನಿಯ ಒತ್ತಡವನ್ನೂ ನೋಡಿದಿರಾ?

ಒತ್ತಡವೇ ಮುಖ್ಯ

ಟೈರುಗಳಲ್ಲಿ ಸಾರಜನಕವನ್ನು ಕಡ್ಡಾಯಗೊಳಿಸುವ ಚಿಂತನೆ ಇದೆಯೆಂದು ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು 2019ರ ಜುಲೈನಲ್ಲಿ ರಾಜ್ಯಸಭೆಗೆ ತಿಳಿಸಿದ್ದರು. 2020ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಬಂದ ತಿದ್ದುಪಡಿಯಲ್ಲಿ ಮಹತ್ವ ಪಡೆದದ್ದು ಮಾತ್ರ ಒತ್ತಡ ಸೂಚಕ. 3.5 ಟನ್‌ವರೆಗಿನ ಪ್ರಯಾಣಿಕ ವಾಹನದಲ್ಲಿ ಟ್ಯೂಬ್‌ಲೆಸ್ ಟೈರ್, ರಿಪೇರಿ ಕಿಟ್ ಮತ್ತು ಟೈರಿನ ಒತ್ತಡ ತಿಳಿಸುವ ವ್ಯವಸ್ಥೆ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದು ಅದು ಹೇಳಿತು.

2023ರ ಮಾರ್ಚ್ 12ರಂದು ಉದ್ಘಾಟನೆಗೊಂಡ ಬೆಂಗಳೂರು–ಮೈಸೂರು ಹೆದ್ದಾರಿ ಈ ಭಾಗದ ವಾಹನ ಸವಾರರ ಅಭ್ಯಾಸವನ್ನೇ ಬದಲಿಸಿದೆ. ವಿಜಯನಗರದ ದಟ್ಟಣೆಯಲ್ಲಿ ತೆವಳುವಾಗ 25 ಪಿಎಸ್‌ಐ ಇರುವ ಟೈರ್ ಯಾವ ದೂರನ್ನೂ ಹೇಳುವುದಿಲ್ಲ. ಅದೇ ಟೈರ್ ಕೆಂಗೇರಿ ದಾಟಿ ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ, ತುಂಬಿದ ಕಾರಿನ ಭಾರ ಹೊತ್ತು ಎಡೆಬಿಡದೆ ಓಡುವಾಗ ಅದರ ಪಕ್ಕೆಗಳು ಪ್ರತಿ ಸುತ್ತಿಗೂ ಮಿತಿಮೀರಿ ಬಳುಕಿ ಕಾಯುತ್ತವೆ. ಟೈರ್ ಸಿಡಿಯುವುದಕ್ಕೆ ಮುಖ್ಯ ಕಾರಣಗಳಲ್ಲಿ ಇದೂ ಒಂದು.

ಸಾರಜನಕ ತುಂಬಿಸುವುದರಿಂದ ಹಾನಿಯಿಲ್ಲ. ಒಳ್ಳೆಯ ಸ್ಥಿತಿಯ ಯಂತ್ರವಿದ್ದು, ಕ್ರಮಬದ್ಧವಾಗಿ ತುಂಬಿದರೆ ಅಲ್ಪಸ್ವಲ್ಪ ಲಾಭವೂ ಇದೆ. ಭಾರಿ ವಾಹನಗಳಿಗೆ ಲಾಭ ಇನ್ನೂ ಹೆಚ್ಚು. ಆದರೆ ಹಸಿರು ಮುಚ್ಚಳ ಒತ್ತಡ ಪರೀಕ್ಷೆಗೆ ಪರ್ಯಾಯವಲ್ಲ. ಹದಿನೈದು ದಿನಕ್ಕೊಮ್ಮೆ, ಮತ್ತು ದೂರ ಪ್ರಯಾಣದ ದಿನ ಬೆಳಿಗ್ಗೆ ತಪ್ಪದೆ, ಗೇಜ್ ಹಿಡಿದು ನೋಡಿ. ಕಡಿಮೆಯಿದ್ದರೆ ಬಂಕಿನಲ್ಲಿ ನಿಂತು ಗಾಳಿ ಹಾಕಿಸಿಕೊಂಡೇ ಮುಂದೆ ಸಾಗಿ.